ಶ್ರೀಮಂತನ ಸದ್ದಿಲ್ಲದ ಗಾಡಿ

ಶ್ರೀಮಂತನನ್ನು ಮೊದಲು ಹೊಡೆದವನು ನಾನು. ಆಮೇಲೆ ಹೊಡೆದವರು ಎಲುಬು ಮುರಿದರು, ನಾನು ಕಪಾಳಕ್ಕೆ ಬಾರಿಸಿದ್ದೆ ಅಷ್ಟೇ. ಆದರೂ ಮೊದಲನೆಯವನು ನಾನೇ ಆದ್ದರಿಂದ ಅವನ ಕಥೆಯನ್ನು ನಾನೇ ಹೇಳುತ್ತೇನೆ. ಬೇರೆ ಯಾರಾದರೂ ಹೇಳಿದರೆ ನನ್ನ ಹೆಸರು ಬಿಟ್ಟು ಹೇಳುತ್ತಾರೆ. ನಮ್ಮ ಕಡೆಯ ಜನಕ್ಕೆ ಅಷ್ಟು ಮುಲಾಜು.

ನಾನು ಭಾಗಣ್ಣ. ಹುಟ್ಟಿದ್ದು ತಿಂಥಣಿಯಲ್ಲಿ, ಕೃಷ್ಣೆಯ ದಂಡೆಗೆ. ಅಪ್ಪ ಮೀನು ಹಿಡಿಯುತ್ತಿದ್ದ. ನಾನು ಪಿಯುಸಿಯಲ್ಲಿ ಫೇಲಾಗಿ ಶಹಾಪುರಕ್ಕೆ ಬಂದು ಆಟೋ ಹಿಡಿದೆ. ಇಪ್ಪತ್ತೆರಡು ವರ್ಷವಾಯಿತು. ಗೋಗಿ ಕಡೆಗೆ ಹೋಗುವ ಶೇರ್ ಆಟೋಗಳ ಸ್ಟ್ಯಾಂಡಿಗೆ ನಾನೇ ಮುಖಂಡ. ಮುಖಂಡ ಎಂದರೆ ದೊಡ್ಡ ಕುರ್ಚಿಯೇನಲ್ಲ. ಪಾಳಿ ಯಾರದು ಎಂದು ಹೇಳುವವನು, ಪಾಳಿ ತಪ್ಪಿಸಿದವನ ಕೊರಳಪಟ್ಟಿ ಹಿಡಿಯುವವನು. ಮೊದಲು ಬಂದ ಗಾಡಿ ಮೊದಲು ತುಂಬಬೇಕು. ಅದು ಹೊರಡುವವರೆಗೆ ಹಿಂದಿನವನು ಒಂದು ಹಸುಗೂಸನ್ನೂ ಕೂರಿಸುವಂತಿಲ್ಲ. ಇದೊಂದು ಕಾನೂನು ಇಲ್ಲದಿದ್ದರೆ ನಾವು ದಿನಾ ಬೆಳಿಗ್ಗೆ ಒಬ್ಬರನ್ನೊಬ್ಬರು ಕಚ್ಚಿಕೊಂಡು ಸಾಯುತ್ತಿದ್ದೆವು.

ಶ್ರೀಮಂತ ಗೋಗಿಯವನು, ದಲಿತ ಕೇರಿಯ ಬೌದ್ಧರ ಮನೆಯ ಮಗ. ಅವನ ಅಪ್ಪ ಜೀವನವಿಡೀ ಕಂಡವರ ಹೊಲದಲ್ಲಿ ಕೂಲಿ ಮಾಡಿ, ಮಗನಿಗೆ ಈ ಹೆಸರೊಂದನ್ನು ಇಟ್ಟು ಹೋಗಿದ್ದ. “ಶ್ರೀಮಂತ್ರು ಬಂದ್ರು, ಚಹಾ ಹೇಳ್ರಿ” ಎಂದು ನಾವು ಗೇಲಿ ಮಾಡದ ದಿನವಿಲ್ಲ. ಅವನು ನಕ್ಕು ತನ್ನ ಚಹಾ ತಾನೇ ಹೇಳಿಕೊಳ್ಳುತ್ತಿದ್ದ. ಹದಿನೆಂಟು ವರ್ಷದಲ್ಲಿ ಒಂದು ದಿನ ಪಾಳಿ ತಪ್ಪಿಸಲಿಲ್ಲ, ಒಬ್ಬರ ಮೇಲೆ ಕೈ ಎತ್ತಲಿಲ್ಲ. ಅಂಥವನನ್ನು ನಾವು ಒಳ್ಳೆಯವನು ಎನ್ನಲಿಲ್ಲ, ಪುಕ್ಕಲ ಎಂದೆವು.

ಡೀಸೆಲ್ ಆಟೋದ ಹ್ಯಾಂಡಲ್ ವರ್ಷಗಟ್ಟಲೆ ಹಿಡಿದವನ ಕೈ, ಗಾಡಿ ಆರಿಸಿದ ಮೇಲೂ ಗಡಗಡ ನಡುಗುತ್ತಿರುತ್ತದೆ. ನಮ್ಮೆಲ್ಲರದೂ ನಡುಗುತ್ತದೆ, ಅವನದು ಅತಿ. ಚಹಾದ ಕಪ್ಪು ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಒಂದು ದಿನ ಮಗಳ ಶಾಲೆಯಲ್ಲಿ ಸಹಿ ಮಾಡಲು ಕರೆದರು. ಪೆನ್ನು ಕಾಗದದ ಮೇಲೆ ನಿಲ್ಲಲೇ ಇಲ್ಲ. ಎರಡು ಸಲ ಗೀಚಿ ಕಾಗದ ಹರಿಯಿತು. ಮೇಷ್ಟ್ರು ಪಾಪ, ಕೆಟ್ಟ ಮನಸ್ಸಿನಿಂದಲ್ಲ, ಇಂಕಿನ ಪ್ಯಾಡ್ ಮುಂದೆ ತಳ್ಳಿದರು. ಎಸ್ಸೆಸ್ಸೆಲ್ಸಿ ಪಾಸಾದ ಮನುಷ್ಯ ಮಗಳ ಕಣ್ಣೆದುರು ಹೆಬ್ಬೆಟ್ಟು ಒತ್ತಿ ಬಂದ. ಆ ರಾತ್ರಿ ಅವನು ಉಣ್ಣಲಿಲ್ಲ ಎಂದು ಅವನ ಹೆಂಡತಿ ಪರಿಮಳಾ ಆಮೇಲೆ ನನಗೆ ಹೇಳಿದಳು. ಹದಿನೈದು ದಿನದಲ್ಲಿ ಡೀಸೆಲ್ ಗಾಡಿ ಮಾರಿ, ಕಲಬುರಗಿಯಿಂದ ಕರೆಂಟಿನ ಆಟೋ ತಂದ. ಹಳೆಯದಕ್ಕೆ ಮರಳುವ ದಾರಿಯನ್ನೇ ಉಳಿಸಿಕೊಳ್ಳಲಿಲ್ಲ. ಜನ ಈ ಗಾಡಿಯಲ್ಲಿ ಕೂತರೆ ಮನೆಯಲ್ಲಿ ಒಲೆ ಉರಿಯಬೇಕು, ಕೂರದಿದ್ದರೆ ಇಲ್ಲ.

ಗಾಡಿ ಒಂದು ಟೆಂಪೋದ ಮೇಲೆ ಬಂತು. ನಮಗೆ ಅಷ್ಟೇ ಸಾಕಾಯಿತು.

“ನೋಡ್ರಿ, ಗಾಡಿನ ಗಾಡಿ ಮ್ಯಾಲ ಹೊತ್ಕೊಂಡ್ ಬಂದಾನ” ಎಂದೆ. ಸ್ಟ್ಯಾಂಡೇ ನಕ್ಕಿತು.

“ಮನಿಯಾಗ ಕರೆಂಟ್ ಇರಂಗಿಲ್ಲ, ಇವನ ಗಾಡ್ಯಾಗ ಎಲ್ಲಿಂದ ಇರ್ತದ?” ಎಂದ ಇನ್ನೊಬ್ಬ.

“ಸದ್ದೇ ಇಲ್ಲಲೇ ಇದಕ್ಕ. ಸದ್ದಿಲ್ಲದ್ದಕ್ಕ ದಮ್ಮೆಲ್ಲಿ ಇರ್ತದ?”

ನಾನು ನಕ್ಕು ಸುಮ್ಮನಾಗುವ ಪೈಕಿಯಲ್ಲ. ಫೋನಿನಲ್ಲಿ ಒಂದು ವಿಡಿಯೋ ಇತ್ತು, ಯಾವ ದೇಶದ್ದೋ ಏನೋ, ಒಂದು ಬ್ಯಾಟರಿ ಗಾಡಿ ಧಗಧಗ ಉರಿಯುವುದು. ಅದನ್ನು ಗೋಗಿಗೆ ಹೋಗುವ ಪ್ರತಿಯೊಬ್ಬ ಪ್ರಯಾಣಿಕನಿಗೆ ತೋರಿಸಿದೆ. ಮಳೆಯಲ್ಲಿ ಶಾಕ್ ಹೊಡೆಯುತ್ತದೆ ಎಂದೆ. ನಮ್ಮ ಬೇಸಿಗೆಯ ಬಿಸಿಲಿಗೆ ಪಟಾಕಿ ಹಾಗೆ ಸಿಡಿಯುತ್ತದೆ ಎಂದೆ. ಏರು ಬಂದರೆ ಎಲ್ಲರೂ ಇಳಿದು ನೂಕಬೇಕು ಎಂದೆ. ಜನ ನಂಬಿದರು. ಯಾಕೆ ನಂಬಬಾರದು? ಇಪ್ಪತ್ತೆರಡು ವರ್ಷ ಅವರ ಜೋಳದ ಚೀಲ, ಬಾಣಂತಿಯರು, ಜಡ್ಡು ಬಿದ್ದ ಮುದುಕರನ್ನು ಹೊತ್ತವನು ನಾನು. ಹೊಸ ಗಾಡಿಯ ವಿಷಯದಲ್ಲಿ ಜನ ಗಾಡಿಯನ್ನು ನೋಡುವುದಿಲ್ಲ, ಹೇಳುವವನ ಮುಖ ನೋಡುತ್ತಾರೆ.

ಹದಿನೈದು ದಿನ ಒಬ್ಬರೂ ಕೂರಲಿಲ್ಲ. ಅವನ ಪಾಳಿ ಬಂದಾಗ ಜನ ಬೇವಿನ ನೆರಳಿನಲ್ಲಿ ನಿಂತು ಮುಂದಿನ ಗಾಡಿಗೆ ಕಾಯುತ್ತಿದ್ದರು. ಅವನದು ಹೊರಡದೆ ಹಿಂದಿನದು ತುಂಬುವಂತಿಲ್ಲ, ಹಾಗಾಗಿ ಸ್ಟ್ಯಾಂಡೇ ಜಾಮ್. ಹುಡುಗರು ಉರಿದುಬಿದ್ದರು. ನಾನು ಹೊಸ ಕಾನೂನು ತೆಗೆದೆ: ಕರೆಂಟ್ ಗಾಡಿ ಎರಡು ನಿಮಿಷ ನಿಲ್ಲಬೇಕು, ತುಂಬದಿದ್ದರೆ ಕೊನೆಗೆ ಹೋಗಬೇಕು. ದಿನಕ್ಕೆ ಏಳೆಂಟು ಸಲ ಅವನು ಮುಂದಿನಿಂದ ಕೊನೆಗೆ ಹೋದ. ಸಂಜೆ ಬರಿಗಾಡಿ ಹೊಡೆದುಕೊಂಡು ಗೋಗಿಗೆ ಹೋಗುತ್ತಿದ್ದ. ನನಗೆ ಅದು ಖುಷಿ ಕೊಟ್ಟಿತು ಎಂದು ಹೇಳದಿದ್ದರೆ ನಾನು ಸುಳ್ಳುಗಾರ.

ಆಮೇಲೆ ಶಹಾಪುರದ ದವಾಖಾನೆಯಲ್ಲಿ ಹೆಣ್ಣುಮಕ್ಕಳಿಗೆ ಆಪರೇಷನ್ ಮಾಡುವ ದಿನ ಬಂತು. ಮಕ್ಕಳು ಸಾಕು ಎಂದವರು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು, ಸೆರಗು ಬಿಗಿದು ನಮ್ಮ ಸ್ಟ್ಯಾಂಡಿಗೆ ಬರುತ್ತಿದ್ದರು. ಡೀಸೆಲ್ ಗಾಡಿಯಲ್ಲಿ ಗೋಗಿಯವರೆಗೆ ಆ ಹೊಲಿಗೆ ಏನೇನು ಅನುಭವಿಸುತ್ತದೆ ಎಂದು ನಮ್ಮಲ್ಲಿ ಯಾವ ಗಂಡಸೂ ಕೇಳಿದವನಲ್ಲ. ಆ ದಿನ ಪಾಳಿ ನನ್ನದು. ಗುರುಲಿಂಗಮ್ಮ ಎಂಬ ಗೋಗಿಯ ಹೆಣ್ಣುಮಗಳು ನನ್ನ ಗಾಡಿಯಲ್ಲಿ ಕೂತಿದ್ದಳು. ನಾನು ಎಂಜಿನ್ ಚಾಲೂ ಮಾಡಿದೆ. ಸೀಟು ಅದುರಿದ್ದಕ್ಕೆ ಅವಳು ಹೊಟ್ಟೆ ಹಿಡಿದು “ಯವ್ವಾ” ಎಂದು ನರಳಿದಳು. ಎರಡು ನಿಮಿಷ ಹಲ್ಲು ಕಚ್ಚಿ ಕೂತಳು, ಆಮೇಲೆ ಇಳಿದುಬಿಟ್ಟಳು.

“ಎಲ್ಲಿ ಹೊಂಟೆಬೇ?” ಎಂದೆ.

“ಆ ಸದ್ದಿಲ್ಲದ ಗಾಡ್ಯಾಗ ಹೋಗ್ತೀನಿ.”

“ಅದು ಸಿಡೀತದ.”

“ಸಿಡದ್ರ ಒಮ್ಮೆ ಸಿಡೀತದ. ನಿನ್ ಗಾಡಿ ಗೋಗಿತನಕ ನನ್ನ ಕಡೀತದ.”

ಕೊನೆಯಲ್ಲಿದ್ದ ಶ್ರೀಮಂತನ ಗಾಡಿಗೆ ಹೋಗಿ ಕೂತಳು. ಅವಳ ಹಿಂದೆ ಮತ್ತೊಬ್ಬಳು ಇಳಿದಳು, ಅವಳ ಹಿಂದೆ ಮೂರನೆಯವಳು. ಶ್ರೀಮಂತ ಓಡಿ ಬಂದ.

“ಅಣ್ಣಾ, ಪಾಳಿ ನಿಂದೇ ಅದ. ಅಕ್ಕಗೋಳಿಗೆ ಹೊಲಿಗಿ ಹಾಕ್ಯಾರ. ಇದೊಂದ್ ಸಲ ಬಿಡು. ನಾಳಿ ನನ್ನ ಪಾಳಿ ನೀನೇ ತಗೋ.”

ಇಷ್ಟು ಮರ್ಯಾದೆಯಿಂದ ಕೇಳಿದವನ ಕಪಾಳಕ್ಕೆ ನಾನು ಬಾರಿಸಿದೆ. ಬೆರಳು ಅವನ ಕೆನ್ನೆಯ ಮೇಲೆ ಮೂಡಿದವು. ಮುಖಂಡ ಕೈ ಎತ್ತಿದ ಮೇಲೆ ಹುಡುಗರಿಗೆ ಇನ್ನೇನು ಬೇಕು? ಒಬ್ಬ ಅವನ ಹೊಟ್ಟೆಗೆ ಒದ್ದ. ಇನ್ನೊಬ್ಬ ಗಾಲಿ ಬಿಚ್ಚುವ ಪಾನಾ ತಂದು ಅವನ ಗಾಡಿಯ ಮುಂದಿನ ಗಾಜಿಗೆ ಬೀಸಿದ. ಗಾಜು ಒಡೆದು ಚೂರು ಅವನ ಹುಬ್ಬಿಗೆ ಕಚ್ಚಿತು. “ನಮ್ಮ ಹೊಟ್ಟಿ ಮ್ಯಾಲ ಹೊಡೀತೀಯೇನಲೇ ಭಾಡ್ಯಾ” ಎಂದು ಮತ್ತೊಬ್ಬ ಅವನ ಜಾತಿ ಹಿಡಿದು ಬೈದ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಂದು ತಡೆಯಲಿಲ್ಲ ಎಂಬುದನ್ನು ಮಾತ್ರ ಬರೆಯುತ್ತೇನೆ. ಗುರುಲಿಂಗಮ್ಮ ಗಾಡಿಯೊಳಗಿಂದಲೇ ನಮ್ಮ ಏಳು ತಲೆಮಾರನ್ನು ತೊಳೆದಳು. “ನಿಮ್ಮ ಕೈಗೆ ಹುಳ ಬೀಳ್ಲಿ” ಎಂದಳು. ಶ್ರೀಮಂತ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಸೀಟಿನ ಮೇಲಿನ ಗಾಜು ಕೊಡವಿ, ಮೂವರನ್ನೂ ಕರೆದುಕೊಂಡು ಹೋದ. ರಕ್ತ ಗದ್ದದಿಂದ ತೊಟ್ಟಿಕ್ಕುತ್ತಿತ್ತು.

ಗುರುಲಿಂಗಮ್ಮ ಗೋಗಿಯಲ್ಲಿ ಇಳಿದ ಮೇಲೆ ನನ್ನ ವಿಡಿಯೋ ಸತ್ತುಹೋಯಿತು. ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ, ಹತ್ತಿ ಬಿಡಿಸುವ ಸಾಲಿನಲ್ಲಿ ಒಂದೇ ಮಾತು: “ತೊಟ್ಟಿಲದಾಗ ಕುಂತಂಗಿತ್ತು. ಹೊಗಿ ಇಲ್ಲ, ವಾಸನಿ ಇಲ್ಲ, ಹೊಟ್ಟಿ ಅಲಗಲಿಲ್ಲ.” ಬಸುರಿಯರು ಕೇಳತೊಡಗಿದರು, ಸೊಂಟ ಹಿಡಿದ ಮುದುಕಿಯರು ಕೇಳತೊಡಗಿದರು. ಗಂಡಸರು ಬ್ಯಾಟರಿ ಎಷ್ಟು ವರ್ಷ ಬರುತ್ತದೆ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಮಾರಲು ಹೋದರೆ ಯಾರು ಕೊಳ್ಳುತ್ತಾರೆ ಎಂದು ಕಟ್ಟೆಯ ಮೇಲೆ ವಾದ ಮಾಡುತ್ತ ಕೂತಿದ್ದರು. ಅಷ್ಟರಲ್ಲಿ ಹೆಂಗಸರು ಹತ್ತಿ ಹೋಗಿಯೇ ಬಿಟ್ಟಿದ್ದರು.

ಒಂದೇ ತೊಂದರೆ. ಹಳ್ಳಿಯಲ್ಲಿ ಆಟೋದ ಸದ್ದು ಕೇಳಿಯೇ ಜನ ಮನೆಯಿಂದ ಹೊರಬರುತ್ತಾರೆ. ಇದಕ್ಕೆ ಸದ್ದಿಲ್ಲ. ಅದಕ್ಕೆ ಶ್ರೀಮಂತ ಹಾರ್ನಿನಿಂದ ಒಂದು ಗುರುತು ಮಾಡಿಕೊಂಡ: ಎರಡು ಗಿಡ್ಡ, ಒಂದು ಉದ್ದ. ಆ ಹಾರ್ನ್ ಕೇಳಿದರೆ ಹೆಂಗಸರು ರೊಟ್ಟಿಯ ಹಂಚು ಇಳಿಸಿ ಬರುತ್ತಿದ್ದರು. ನಾನು ಮುಂದೆ ಹೋಗಿ ಗಾಡಿ ನಿಲ್ಲಿಸಿದರೆ ರಸ್ತೆಯಲ್ಲಿ ನಿಂತವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ ನೋಡುತ್ತಿದ್ದರು. ನನಗೆ ಆ ಹಾರ್ನ್ ಕೇಳಿದರೆ ಮೈಯೆಲ್ಲ ಮೆಣಸಿನಪುಡಿ ಹಾಕಿದಂತಾಗುತ್ತಿತ್ತು.

ಇನ್ನೊಮ್ಮೆ ಹೊಡೆದರೆ ಗೋಗಿಯ ಹೆಂಗಸರು ಸುಮ್ಮನಿರುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಒಂದು ಸೋಮವಾರ ಮಧ್ಯಾಹ್ನ ಶ್ರೀಮಂತ ಬೇವಿನ ಗಿಡದ ಕೆಳಗೆ ರೊಟ್ಟಿ ತಿನ್ನುತ್ತಿದ್ದ. ನಾನು ವೈರು ಕಡಿಯುವ ಪಕ್ಕಡ್ ತೆಗೆದುಕೊಂಡು ಅವನ ಗಾಡಿಯ ಪಕ್ಕ ಬಗ್ಗಿದೆ, ಹಾರ್ನಿನ ವೈರು ಹಿಡಿದೆ. ಪೂರ್ತಿ ಕತ್ತರಿಸಿದರೆ ಆಗಲೇ ಗೊತ್ತಾಗುತ್ತದೆ. ಅದಕ್ಕೆ ಏಳು ಎಳೆಯಲ್ಲಿ ಐದನ್ನು ಕಡಿದು ಎರಡನ್ನು ಬಿಟ್ಟೆ. ನಾಲ್ಕು ಗುಂಡಿ ಹಾರಿದರೆ ತಾನೇ ಹರಿಯಬೇಕು, ಸವೆದು ಹೋಗಿದೆ ಎನ್ನಬೇಕು. ಅಷ್ಟು ಬುದ್ಧಿ ನನಗೆ ಆ ದೇವರು ಕೊಟ್ಟಿದ್ದಾನೆ, ಅವನ ಮನೆ ಹಾಳಾಗಲಿ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಬಾರಿಗಿಡದ ದೊಡ್ಡಿಯ ತಿಮ್ಮವ್ವ ಹೇಳಿದ್ದು, ಆಶಾ ಕಾರ್ಯಕರ್ತೆ ನಂದಿನಿ ಹೇಳಿದ್ದು, ಕಡೆಗೆ ಚಂದ್ರಾಮಪ್ಪ ಅತ್ತು ಹೇಳಿದ್ದು, ಮೂರನ್ನೂ ಸೇರಿಸಿ ಹೇಳುತ್ತೇನೆ.

ನಮ್ಮ ಕಡೆ ದೊಡ್ಡಿ ಎಂದರೆ ಊರ ಹೊರಗೆ ಕುರಿಹಟ್ಟಿಯ ಸುತ್ತ ಕಟ್ಟಿಕೊಂಡ ಹತ್ತಿಪ್ಪತ್ತು ಮನೆ. ಬಾರಿಗಿಡದ ದೊಡ್ಡಿಯಲ್ಲಿ ಹಳೆಯ ಒಂದು ಪದ್ಧತಿ ಇದೆ. ಬೆಳಕು ಹರಿಯುವ ಮೊದಲು ಗಾಡಿ ತಂದವರು ಹಟ್ಟಿ ಬರುವ ಮೊದಲೇ ಲೈಟು ಆರಿಸಬೇಕು. ಲೈಟು ಕಣ್ಣಿಗೆ ಬಿದ್ದರೆ ಕುರಿ ಬೆದರಿ, ಮುಳ್ಳಿನ ಬೇಲಿ ಮುರಿದು ನುಗ್ಗುತ್ತವೆ, ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಲೈಟು ಆರಿಸಿ, ಹಾರ್ನ್ ಹಾಕಿ, ಎಂಜಿನ್ ಗುರುಗುಟ್ಟಿಸುತ್ತ ಮೆಲ್ಲಗೆ ಬರಬೇಕು. ಸದ್ದು ಮಾಡಿಕೊಂಡು ಬಂದವನು ನೆಂಟ. ಕಳ್ಳ ಎಂಜಿನ್ ಆರಿಸಿ, ಗಾಡಿ ನೂಕಿಕೊಂಡು ಬರುತ್ತಾನೆ. ಹಿಂದಿನ ವಾರವಷ್ಟೇ ಹಾಗೆ ಬಂದವರು ಚಂದ್ರಾಮಪ್ಪನ ಹನ್ನೊಂದು ಕುರಿ ಹೊತ್ತೊಯ್ದಿದ್ದರು. ಅಂದಿನಿಂದ ಅವನೂ ಅವನ ಅಣ್ಣತಮ್ಮಂದಿರೂ ಬಡಿಗೆ, ಕೊಡಲಿ ಹಿಡಿದು ಬೇಲಿಯ ಮರೆಯಲ್ಲಿ ಕಾವಲು ಮಲಗುತ್ತಿದ್ದರು.

ದೊಡ್ಡಿಯ ಆ ತುದಿಯ ಮನೆಯಲ್ಲಿ ತಿಮ್ಮವ್ವನ ಮಗಳು ಮಲ್ಲೇಶ್ವರಿಗೆ ಹೆರಿಗೆ ನೋವು ಎದ್ದಿತ್ತು. ಆಂಬ್ಯುಲೆನ್ಸ್ ಇನ್ನೊಬ್ಬ ರೋಗಿಯನ್ನು ಹೊತ್ತು ದೂರ ಹೋಗಿತ್ತು. ನಂದಿನಿ ಶ್ರೀಮಂತನಿಗೆ ಫೋನ್ ಮಾಡಿದಳು. ಮಲ್ಲೇಶ್ವರಿಯೇ ಹೇಳಿದ್ದಳಂತೆ, ಡೀಸೆಲ್ ಗಾಡಿ ಬ್ಯಾಡ, ಆ ಸದ್ದಿಲ್ಲದ್ದೇ ಕರೀರಿ ಎಂದು. ಕಾವಲು ಮಲಗಿದವರಿಗೆ ಇದ್ಯಾವುದೂ ಗೊತ್ತಿಲ್ಲ.

ಶ್ರೀಮಂತನಿಗೆ ದೊಡ್ಡಿಯ ಪದ್ಧತಿ ಗೊತ್ತಿತ್ತು. ಹಟ್ಟಿ ಕಂಡ ಕೂಡಲೇ ಲೈಟು ಆರಿಸಿದ. ಹಾರ್ನ್ ಒತ್ತಿದ. ಅದು ಕೂಗಲಿಲ್ಲ. ಮತ್ತೆ ಒತ್ತಿದ. ದಾರಿಯ ಗುಂಡಿಗಳು ನನ್ನ ಕೆಲಸ ಮುಗಿಸಿದ್ದವು. ಲೈಟಿಲ್ಲದ, ಸದ್ದಿಲ್ಲದ ಗಾಡಿಯೊಂದು ಮಬ್ಬಿನಲ್ಲಿ ಕುರಿಹಟ್ಟಿಯ ಪಕ್ಕಕ್ಕೆ ಬಂದು ನಿಂತಿತು. ಚಂದ್ರಾಮಪ್ಪನ ಕಣ್ಣಿಗೆ ಹನ್ನೊಂದು ಕುರಿಯ ಕಳ್ಳ ತಾನಾಗಿ ಬಂದಿದ್ದ.

“ನಾನ್ರೀ, ಗೋಗಿ ಶ್ರೀಮಂತ” ಎಂದು ಕೂಗುತ್ತ ಅವನು ಇಳಿದ. ಶ್ರೀ ಎನ್ನುವಷ್ಟರಲ್ಲಿ ಮೊದಲ ಬಡಿಗೆ ಬಾಯಿಗೆ ಬಿತ್ತು. ಎರಡು ಹಲ್ಲು ಒಳಗೆ ಹೋದವು. ಮಾತಿದ್ದ ಬಾಯಿ ರಕ್ತದಿಂದ ತುಂಬಿತು. ನಾಲ್ವರು ಸುತ್ತುವರಿದು ಕಣದಲ್ಲಿ ತೊಗರಿ ಬಡಿದ ಹಾಗೆ ಬಡಿದರು. ಬೆನ್ನಿಗೆ, ಮೊಣಕಾಲಿಗೆ, ತಲೆ ಮುಚ್ಚಿಕೊಂಡ ಮೊಣಕೈಗೆ, ತಪ್ಪಿದ ಏಟು ಗಾಡಿಯ ಗಾಜಿಗೆ, ತಗಡಿಗೆ. ಅವನು ಗಾಡಿಯ ಕೆಳಗೆ ತೂರಲು ನೋಡಿದ. ಕಾಲು ಹಿಡಿದು ಎಳೆದರು. ಕುರಿ ಒಳಗೆ ಬ್ಯಾ ಎಂದು ಒದರುತ್ತಿದ್ದವು, ನಾಯಿ ಅವನ ಧೋತರ ಕಚ್ಚಿ ಹರಿಯುತ್ತಿತ್ತು.

“ಕುರಿ ಹಿಡದ ಕೈ ಯಾವ್ದಲೇ?” ಎಂದ ಚಂದ್ರಾಮಪ್ಪ.

ಅವನ ಬಲಗೈಯನ್ನು ಕುರಿ ನೀರು ಕುಡಿಯುವ ಕಲ್ಲುಬಾನಿಯ ಅಂಚಿಗೆ ಇಟ್ಟು ಇಬ್ಬರು ಒತ್ತಿ ಹಿಡಿದರು. ಚಂದ್ರಾಮಪ್ಪ ಕೊಡಲಿಯನ್ನು ತಿರುಗಿಸಿ ಅದರ ಹಿಂಬದಿಯಿಂದ ಹೊಡೆದ. ಒಮ್ಮೆಯಲ್ಲ, ಮೂರು ಸಲ. ಎರಡನೆಯ ಏಟಿಗೇ ಶ್ರೀಮಂತ ಪ್ರಜ್ಞೆ ತಪ್ಪಿದ್ದ, ಮೂರನೆಯದು ಹನ್ನೊಂದು ಕುರಿಯ ಸಿಟ್ಟಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಹೊಸದೇನಲ್ಲ.

ಗದ್ದಲ ಕೇಳಿ ತಿಮ್ಮವ್ವ ಕಂದೀಲು ಹಿಡಿದು ಓಡಿ ಬಂದಳು, ಹಿಂದೆ ನಂದಿನಿ. ತಿಮ್ಮವ್ವ ಬೆಳಕು ಹಿಡಿದು ನೋಡಿ ಎದೆ ಬಡಿದುಕೊಂಡಳು.

“ಎಪ್ಪಾ, ಇವನ್ನ ನಾವೇ ಕರಸೇವಿ. ನನ್ನ ಮಗಳು ಹಡಿಯಾಕತ್ತಾಳ, ದವಾಖಾನಿಗಿ ಒಯ್ಯಾಕ ಬಂದಾನ.”

ಚಂದ್ರಾಮಪ್ಪನ ಕೈಯಿಂದ ಕೊಡಲಿ ಜಾರಿ ಬಿತ್ತು. ದೊಡ್ಡಿಯಲ್ಲಿ ಇನ್ನೊಂದು ಗಾಡಿ ಇಲ್ಲ. ಒಂದು ಮೋಟಾರ್‌ಸೈಕಲ್ ಇತ್ತು, ಅದರಲ್ಲಿ ಹೆರುವವಳನ್ನು ಕೂರಿಸಲಾಗದು, ಸಾಯುವವನನ್ನೂ ಕೂರಿಸಲಾಗದು. ಆಟೋ ಓಡಿಸಲು ಯಾವ ಗಂಡಸಿಗೂ ಬರುವುದಿಲ್ಲ. ನಂದಿನಿ ಒಳಗೆ ಇಣುಕಿದಳು. ಗೇರು ಇಲ್ಲ, ಕ್ಲಚ್ ಇಲ್ಲ, ಹ್ಯಾಂಡಲ್ ತಿರುಗಿಸಿದರೆ ಮುಂದೆ ಹೋಗಬೇಕು, ಅವಳ ಸ್ಕೂಟಿಯ ಹಾಗೆಯೇ.

“ಮಲ್ಲೇಶ್ವರಿನ ಎತ್ತಿ ತರ್ರಿ. ಇವನ್ನೂ ಹಾಕ್ರಿ” ಎಂದಳು. ಚಂದ್ರಾಮಪ್ಪನತ್ತ ತಿರುಗಿ, “ನೀನೂ ಹತ್ತು. ನೀನೇ ಮುರದಿದಿ, ನೀನೇ ಹಿಡ್ಕೊಂಡ್ ಕುಂದ್ರು” ಎಂದಳು.

ಹಾಗೆ ಆ ಗಾಡಿ ಶಹಾಪುರಕ್ಕೆ ಬಂತು. ಮುಂದೆ ನಂದಿನಿ, ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ನರಳುವ ಮಲ್ಲೇಶ್ವರಿ, ಕೆಳಗೆ ಅವರ ಕಾಲ ಹತ್ತಿರ ಶ್ರೀಮಂತ, ಅವನ ಜಜ್ಜಿದ ಕೈಯನ್ನು ತನ್ನ ರುಮಾಲಿನಲ್ಲಿ ಸುತ್ತಿ ಎತ್ತಿ ಹಿಡಿದ ಚಂದ್ರಾಮಪ್ಪ. ದವಾಖಾನೆಯ ಎದುರಿಗೇ ನನ್ನ ಮನೆ. ಹಲ್ಲುಜ್ಜುತ್ತ ನಿಂತಿದ್ದೆ. ಸದ್ದಿಲ್ಲದೆ ಗೇಟಿನೊಳಗೆ ತಿರುಗಿದ ಗಾಡಿಯಿಂದ ರಕ್ತ ಸುರಿಯುವುದನ್ನು ಕಂಡು ಓಡಿದೆ. ಶ್ರೀಮಂತನ ಮುಖದಲ್ಲಿ ಗುರುತು ಹಿಡಿಯಲು ಏನೂ ಉಳಿದಿರಲಿಲ್ಲ. ಗಾಡಿ ನೋಡಿ ಅವನೆಂದು ತಿಳಿದೆ.

ಮಲ್ಲೇಶ್ವರಿ ಒಳಗೆ ಹೋದ ಅರ್ಧ ಗಂಟೆಯಲ್ಲಿ ಹೆಣ್ಣುಕೂಸು ಹೆತ್ತಳು. ತಾಯಿ ಮಗು ಇಬ್ಬರೂ ಉಳಿದರು. ಶ್ರೀಮಂತನನ್ನು ಯಾದಗಿರಿಗೆ, ಅಲ್ಲಿಂದ ಮುಂದಕ್ಕೆ ಕಳಿಸಿದರು. ಜೀವ ಉಳಿಯಿತು. ಬಲಗೈಯ ಬೆರಳು ಎರಡನ್ನು ತೆಗೆದರು, ಉಳಿದವು ಮಡಚುವುದಿಲ್ಲ.

ಅಲ್ಲಿನ ದವಾಖಾನೆಗೆ ಪೊಲೀಸರು ಬಂದಾಗ ನಾನು ಅವನ ಮಂಚದ ಪಕ್ಕದಲ್ಲೇ ನಿಂತಿದ್ದೆ. ಯಾಕೆ ನಿಂತಿದ್ದೆ? ಅವನ ಬಾಯಲ್ಲಿ ಏನು ಬರುತ್ತದೆ ಎಂದು ನೋಡಲು.

“ಯಾರ್ ಹೊಡದ್ರು?”

“ಕತ್ತಲಿತ್ರಿ. ಗುರ್ತು ಸಿಗಲಿಲ್ಲ.”

“ಹಾರ್ನ್ ಯಾಕ್ ಹಾಕಲಿಲ್ಲ?”

“ವೈರ್ ಸವದಿತ್ತು ಕಾಣ್ತದ್ರಿ” ಎಂದ ಶ್ರೀಮಂತ. ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಹೊರಗೆ ಹೋಗಿ ಒಂದು ಬೀಡಿ ಸೇದಿದೆ. ನನ್ನಂಥ ನಾಯಿ ಆ ದಿನ ಈ ಸೀಮೆಯಲ್ಲೇ ಇನ್ನೊಂದು ಇರಲಿಲ್ಲ.

ಪರಿಮಳಾ ಅವನ ಜೊತೆ ದೊಡ್ಡ ಜಗಳ ತೆಗೆದಳು. “ಹೆಸರ್ ಗೊತ್ತಿದ್ದೂ ಯಾಕ್ ಹೇಳಲಿಲ್ಲ? ನಿನ್ ಕೈಯಾಗಿನ ಬೆರಳು ಯಾರಪ್ಪನ ಆಸ್ತಿ?” ಎಂದು ವಾರ್ಡಿನ ತುಂಬ ಕೇಳುವ ಹಾಗೆ ಬೈದಳು. ದೊಡ್ಡಿಯವರಿಗೂ ನಂದಿನಿಗೂ ಅವನೇ ಯಾರ ಹೆಸರೂ ಹೇಳಬೇಡಿ ಎಂದಿದ್ದನಂತೆ. ತಿಂಗಳು ಕಳೆದ ಮೇಲೆ ಅವಳೇ ಆ ಗಾಡಿ ಹತ್ತಿದಳು. ನಂದಿನಿ ಓಡಿಸಿದ ಗಾಡಿ ನನಗ್ಯಾಕ ಬರಂಗಿಲ್ಲ ಎಂದಳಂತೆ. ಸೀಟಿನ ರಕ್ತ ತೊಳೆದು, ಹೊಸ ಗಾಜು ಹಾಕಿಸಿ ಸ್ಟ್ಯಾಂಡಿಗೆ ಬಂದು ನಿಂತಳು. ಎರಡು ನಿಮಿಷದ ಕಾನೂನು ನಾನೇ ತೆಗೆದುಹಾಕಿದೆ. ಹುಡುಗರು ನನ್ನ ಮುಖ ನೋಡಿದರು. ಭಾಗಣ್ಣನಿಗೆ ಧರ್ಮಬುದ್ಧಿ ಬಂದಿದೆ ಎಂದುಕೊಂಡರು.

ಆಮೇಲೆ ಜನ ಕೂತರು. ಸಾಯುವವನನ್ನೂ ಹುಟ್ಟುವವಳನ್ನೂ ಒಟ್ಟಿಗೆ ಹೊತ್ತು ತಂದ ಗಾಡಿ ಎಂದು ಗಂಡಸರೂ ಕೂತರು. ಅಷ್ಟು ಬಡಿಗೆ ಬಿದ್ದರೂ ಸಿಡಿಯಲಿಲ್ಲ ಎಂದು ಕಟ್ಟೆಯ ಮೇಲಿನವರು ಒಪ್ಪಿದರು. ಓಡಿಸಲು ಎರಡು ದಿನದ ಕಲಿಕೆ ಸಾಕು ಎಂದು ಇನ್ನಿಬ್ಬರು ಹೆಣ್ಣುಮಕ್ಕಳು ಕೊಂಡರು. ಒಂದು ವರ್ಷದಲ್ಲಿ ಸ್ಟ್ಯಾಂಡಿನಲ್ಲಿ ಆರು ಕರೆಂಟ್ ಗಾಡಿ ಆದವು. ಚಂದ್ರಾಮಪ್ಪ ಕುರಿ ಮಾರಿ ಮಗನಿಗೆ ಒಂದು ಕೊಡಿಸಿದ. ಏಳನೆಯದು ನನ್ನದು. ನನ್ನ ಡೀಸೆಲ್ ಗಾಡಿ ಯಾರಿಗೂ ಬೇಡವಾಗಿತ್ತು.

ನನ್ನ ಹೊಸ ಗಾಡಿಗೆ ಮಾಲೆ ಹಾಕಿದ ದಿನ ಶ್ರೀಮಂತ ಸ್ಟ್ಯಾಂಡಿಗೆ ಬಂದ. ಗಾಡಿಯ ಸುತ್ತ ಒಂದು ಸುತ್ತು ಬಂದು ನೋಡಿದ. ಅವನನ್ನು ಬದಿಗೆ ಕರೆದುಕೊಂಡು ಹೋದೆ. ವರ್ಷವಿಡೀ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳನ್ನು ಅಂದು ತೆಗೆಯಬೇಕು ಎನಿಸಿತು. ಅವನ ಕೈ ನೋಡಿಕೊಂಡು ಬದುಕಲು ನನ್ನಿಂದ ಆಗುತ್ತಿರಲಿಲ್ಲ.

“ತಮ್ಮಾ, ಆ ವೈರು...” ಎಂದೆ.

“ಐದು ಎಳಿ ಪಕ್ಕಡದಾಗ ಕಡದಾವ. ಎರಡು ತಾವೇ ಹರದಾವ” ಎಂದ ಅವನು. “ದವಾಖಾನಿಯಿಂದ ಬಂದ ದಿನಾನೇ ನೋಡ್ದೆ.”

ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾನು ತಿರುಗಿ ನೋಡಿದೆ.

“ನೀ ನನ್ನ ಗಾಡಿ ಹಂತ್ಯಾಕ ಬಗ್ಗಿದ್ದು ನಾ ಕಂಡಿದ್ದೆ, ಅಣ್ಣಾ. ರೊಟ್ಟಿ ಬಿಟ್ಟು ಎದ್ದು ಬಂದು ಟೈರ್ ಒತ್ತಿ ನೋಡ್ದೆ. ಗಾಳಿ ಇತ್ತು. ಅಣ್ಣನ ಮ್ಯಾಲ ಸುಳ್ಳೇ ಅನುಮಾನ ಪಟ್ಟೆ ಅಂತ ನನಗ ನಾನೇ ಬೈಕೊಂಡೆ.”

“ಹಂಗಾರ ಪೊಲೀಸ್ರ ಮುಂದ ಯಾಕ್ ಹೇಳಲಿಲ್ಲ?”

“ಹೇಳಿದ್ರ ಏನಾಗ್ತಿತ್ತು? ಕರೆಂಟ್ ಗಾಡಿ ತಂದ್ರ ಸ್ಟ್ಯಾಂಡಿನವರು ವೈರ್ ಕಡೀತಾರ, ದೊಡ್ಡಿಯವರು ಕೈ ಮುರೀತಾರ, ಕೋರ್ಟ್ ಕಚೇರಿ ಆಗ್ತದ ಅಂತ ಊರೆಲ್ಲ ಮಾತಾಗ್ತಿತ್ತು. ಆ ಗಾಡ್ಯಾಗ ಯಾರ್ ಕುಂದುರ್ತಿದ್ರು? ಪರಿಮಳಾ ಏನ್ ತಿಂತಿದ್ಳು? ನನ್ನ ಕೈ ಹೋಗಿತ್ತು, ಗಾಡಿ ಒಂದ್ ಉಳಿದಿತ್ತು. ನನಗ ಮೊದಲ ಜನ ಕುಂದ್ರಬೇಕಿತ್ತು.”

ಅವನು ಸ್ಟ್ಯಾಂಡಿನತ್ತ ನೋಡಿದ. ಪರಿಮಳಾಳ ಪಾಳಿ. ಆರು ಜನ ತುಂಬಿದ್ದರು, ಅವಳು ಇನ್ನೊಬ್ಬನಿಗೆ ಸರಿದು ಕೂರಲು ಹೇಳುತ್ತಿದ್ದಳು.

“ಈಗ ಏಳು ಗಾಡಿ ಆಗ್ಯಾವ. ನಿಂದೂ ಬಂತು. ಇನ್ನ ಯಾರೂ ಇಳಿಯಂಗಿಲ್ಲ” ಎಂದ. “ಈಗ ನಡಿ, ಠಾಣಾಕ್ಕ ಹೋಗೋಣ. ಚಂದ್ರಾಮಪ್ಪಗ ಮುಂಜಾನೇನೇ ಹೇಳೀನಿ. ಅವ ಅಲ್ಲೇ ಕುಂತಾನ.”

ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವನು ಆಗಲೇ ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಿದ್ದ. ಹಾರ ಹಾಕಿದ ಗಾಡಿಯನ್ನು ಸ್ಟ್ಯಾಂಡಿನಿಂದ ಹೊರಗೆ ತೆಗೆದೆ. ಹುಡುಗರು ಮೊದಲ ಬೋಣಿ ಎಂದು ಸಿಳ್ಳು ಹಾಕಿದರು. ಠಾಣೆಯವರೆಗೂ ಎಂಜಿನ್ನಿನ ಸದ್ದಿಲ್ಲದ್ದರಿಂದ ಹಿಂದೆ ಅವನು ಉಸಿರಾಡುವುದು ನನಗೆ ಕೇಳುತ್ತಿತ್ತು. ಬೆದರಿದ ಉಸಿರಲ್ಲ, ಸಿಟ್ಟಿನದೂ ಅಲ್ಲ, ಕೆಲಸಕ್ಕೆ ಹೊರಟವನ ಉಸಿರು.

ಠಾಣೆಯ ಮುಂದೆ ನಿಲ್ಲಿಸಿದೆ. ಇಳಿಯುವಾಗ ಅವನಿಗೆ ಬಲಗೈ ಆನಲು ಆಗಲಿಲ್ಲ. ನಾನು ಕೈ ಚಾಚಿದೆ. ಅವನು ಅದನ್ನು ನೋಡಿದ, ಎಡಗೈಯಿಂದ ಸರಳು ಹಿಡಿದು ತಾನೇ ಇಳಿದ, ನನಗಿಂತ ಮುಂದೆ ಮೆಟ್ಟಿಲು ಹತ್ತಿದ.